ಕಲ್ಮುರಾತ್ ಅತಾನ ಪಾಲಿನ ಮಜ್ಜೆ

ಜಿಪಾರ್ ಮನೆಯಲ್ಲಿ ಸೊಸೆ, ಬಿಷ್ಕೆಕ್‌ನ ಲ್ಯಾಬಿನಲ್ಲಿ ವಿಜ್ಞಾನಿ. ಎರಡೂ ಕಡೆ ಕೈಗೆ ಬಿಡುವಿಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ಹೇಗೆ ಹುಟ್ಟುತ್ತವೆ, ಅವುಗಳಲ್ಲಿ ಯಾವುದು ಬೆಳೆದು ರೋಗದೊಡನೆ ಕಾದಾಡಲು ಹೊರಡುತ್ತದೆ ಅನ್ನುವುದು ಅವಳ ತಲೆ ತಿನ್ನುವ ಪ್ರಶ್ನೆ. ಮಗ ಎಲ್ದಾರ್ ಮೊದಲ ಚಳಿಗಾಲವೆಲ್ಲ ಮೂಗು ಸೋರಿಸಿಕೊಂಡೇ ಕಳೆದಾಗ ಆ ಪ್ರಶ್ನೆ ಮನೆಗೂ ಬಂದು ತೊಟ್ಟಿಲ ಪಕ್ಕ ಕೂತಿತ್ತು.

ಸಂತೆಯಿಂದ ತಂದ ಕುರಿಮೂಳೆಯ ಕಣಗಳು ಲ್ಯಾಬ್ ಮುಟ್ಟುವಷ್ಟರಲ್ಲಿ ಸತ್ತೇ ಹೋಗಿರುತ್ತಿದ್ದವು. ಬೇಸಿಗೆ ಪೂರ್ತಿ ಹೀಗೇ ಆಯಿತು. ಜೀವಂತ ಕಣ ಸಿಗದಿದ್ದರೆ ಈ ಕೆಲಸ ಮುಚ್ಚಿಬಿಡು ಎಂದರು ಮೇಲಿನವರು. ಅಷ್ಟರಲ್ಲಿ ಎಲ್ದಾರ್ ಹೆಜ್ಜೆಯಿಟ್ಟ. ಮಗುವಿನ ಕಾಲಿಗೆ ಕಪ್ಪು ಬಿಳಿ ದಾರ ಕಟ್ಟಿ ಕತ್ತರಿಸುವ ಹಬ್ಬಕ್ಕೆ ತೊಕ್ಮೋಕ್ ಊರಿನ ಅತ್ತೆಮನೆಯಂಗಳದಲ್ಲೇ ಎಳೆಗುರಿ ಕೊಯ್ಯುವುದೆಂದಾಯಿತು.

"ಅಪಾ, ಒಂದು ತೊಡೆಮೂಳೆ ನನಗೆ ಬಿಡ್ತೀರಾ?" ಎಂದು ಅತ್ತೆ ಬುರುಲ್‌ಳನ್ನು ಕೇಳಿದಳು.

"ಬಿಡೋದಾ? ಯಾವ ಮೂಳೆ ಯಾರ ತಟ್ಟೆಗೆ ಅಂತ ನಮ್ಮಜ್ಜಂದಿರ ಕಾಲದಲ್ಲೇ ತೀರ್ಮಾನ ಆಗಿದೆ ಕಣೇ. ಒಂದು ಕಮ್ಮಿಯಾದ್ರೆ ಬೀದಿಯವರೆಲ್ಲ ಆಡ್ಕೊಂಡು ನಗ್ತಾರೆ. ಬೇಕಾದ್ರೆ ಗೊರಸು ತಗೋ."

ಗಂಡ ಇಲ್ಗಿಜ್ ಹಿತ್ತಲಿಗೆ ಕರೆದು ಪಿಸುಗುಟ್ಟಿದ. "ಈ ಸಲ ಜನ ಕಮ್ಮಿ. ಒಂದು ತೊಡೆ ದೊಡ್ಡಪ್ಪ ಕಲ್ಮುರಾತ್ ಅತಾಗೆ, ಇನ್ನೊಂದು ನನಗೇ ಬರತ್ತೆ. ನಂದು ತಗೋ. ನಾನು ಟೊಳ್ಳು ಮೂಳೆನೇ ಚೀಪ್ತೀನಿ."

ಕುರಿ ಕೊಯ್ದ ಬೆನ್ನಿಗೇ ಜಿಪಾರ್ ಗಂಡನ ಡ್ರಿಲ್ ತೊಳೆದು, ತೊಡೆಮೂಳೆಯ ಎರಡೂ ತುದಿಗೆ ಸಣ್ಣ ತೂತು ಕೊರೆದಳು. ಸಿರಿಂಜಿನಿಂದ ನೀರು ನೂಕಿ ಮಜ್ಜೆಯನ್ನೆಲ್ಲ ಬಾಟಲಿಗಿಳಿಸಿ, ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟಳು. ಗುರುತಿಗಿರಲಿ ಎಂದು ತೂತಿಗೆ ಹಿಟ್ಟಿನ ಬಿರಡೆ ಒತ್ತಿದಳು. ಇಷ್ಟೆಲ್ಲ ಓದಿದವಳಿಗೆ, ಕುದಿಯುವ ಹಂಡೆಯಲ್ಲಿ ಹಿಟ್ಟು ಕರಗುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಮಧ್ಯಾಹ್ನ ಪಾಲು ಹಂಚುವಾಗ ಇಲ್ಗಿಜ್ ಎರಡು ಮೂಳೆಯನ್ನೂ ತಿರುಗಿಸಿ ತಿರುಗಿಸಿ ನೋಡಿದ. ಹಿಟ್ಟು ಕರಗಿ, ತೂತಿನ ಮೇಲೆ ಬೆಂದ ಮಾಂಸ ಮುಚ್ಚಿಕೊಂಡು, ಎರಡೂ ಒಂದೇ ಥರ ಕಂಡವು. ದೇವರ ಮೇಲೆ ಭಾರ ಹಾಕಿ ಒಂದನ್ನು ಕಲ್ಮುರಾತ್ ಅತಾನ ಮುಂದಿಟ್ಟ.

ಅತಾ ಜಿಪಾರ್‌ಳ ಮಾವನ ಅಣ್ಣ, ಮನೆತನಕ್ಕೇ ಹಿರಿಯ. ಮಾಂಸ ತಿಂದು, ಮೂಳೆ ಒಡೆದು, ತಟ್ಟೆಯಂಚಿಗೆ ಕುಟ್ಟಿದ. ಏನೂ ಬೀಳಲಿಲ್ಲ. ಮತ್ತೆ ಕುಟ್ಟಿದ. ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದ.

"ಬುರುಲ್, ಈ ಕುರಿ ಹೇಗೆ ನಡೀತಿತ್ತಮ್ಮ? ಕಾಲೊಳಗೆ ಬರೀ ಗಾಳಿ ಇದೆ!"

ಊಟಕ್ಕೆ ನೆಲದ ಮೇಲೆ ಹಾಸಿದ ಬಟ್ಟೆಯ ಸುತ್ತ ಕೂತವರ ಕೈಗಳೆಲ್ಲ ನಿಂತವು. ಬುರುಲ್ ಸೊಸೆಯ ಮುಖ ನೋಡಿದಳು. ಅಷ್ಟೇ ಸಾಕಾಯಿತು. ಚಹಾ ಬಗ್ಗಿಸುತ್ತಿದ್ದ ಜಿಪಾರ್ ಎಲ್ಲವನ್ನೂ ಒದರಿಬಿಟ್ಟಳು.

"ಹಿರಿಯರ ಪಾಲಿಗೆ ಕೈ ಹಾಕಿದ್ಯಾ?" ಬುರುಲ್ ಎದ್ದೇಬಿಟ್ಟಳು. "ಎಲ್ಲಿದೆ ತಾ, ಈಗಲೇ ಬೇಯಿಸಿ ಬಡಿಸ್ತೀನಿ!"

ಜಿಪಾರ್ ಬಾಟಲಿ ತಂದಳು, ಆದರೆ ಅತ್ತೆಯ ಕೈಗೆ ಕೊಡಲಿಲ್ಲ. ಬೆಂದರೆ ಬೇಸಿಗೆಯ ಕೆಲಸವೆಲ್ಲ ಬೆಂದಂತೆ. ಅತಾ ಕೈ ಚಾಚಿ ಇಸಿದುಕೊಂಡು, ನಸುಗೆಂಪು ನೀರನ್ನು ಬೆಳಕಿಗೆ ಹಿಡಿದ.

"ಉಪ್ಪು ಹಾಕಿದೀಯೇನೇ?"

"ಹಾಕಿದೀನಿ ಅತಾ. ಸಕ್ಕರೆನೂ ಹಾಕಿದೀನಿ. ಅವಕ್ಕೆ ಹಸಿವಾಗತ್ತೆ."

"ಯಾವಕ್ಕೆ?"

"ಒಳಗಿರೋ ಕಣಗಳಿಗೆ. ಇನ್ನೂ ಬದುಕಿರಬೇಕು. ದೊಡ್ಡದಾಗಿ ಏನಾಗ್ಬೇಕು ಅಂತ ಕೆಲವು ಇನ್ನೂ ತೀರ್ಮಾನ ಮಾಡಿಲ್ಲ."

"ನಮ್ಮ ಇಲ್ಗಿಜ್ ಥರ ಅನ್ನು," ಎಂದ ಅತಾ. ಎಲ್ಲರೂ ಗೊಳ್ಳೆಂದರು, ಇಲ್ಗಿಜ್‌ನೊಬ್ಬನನ್ನು ಬಿಟ್ಟು.

"ಕೊಡಿ ಅತಾ, ಒಲೆ ಉರೀತಾ ಇದೆ," ಬುರುಲ್ ಪಟ್ಟು ಬಿಡಲಿಲ್ಲ.

"ಕೂತ್ಕೋ ತಾಯಿ. ಪಾಲು ನಂದು. ಯಾರಿಗೆ ಕೊಡಬೇಕು ಅನ್ನೋದೂ ನಂದು. ಜೀವ ಇರೋದನ್ನ ನಾನು ತಿನ್ನಲ್ಲ." ಬಾಟಲಿಯನ್ನು ಸೊಸೆಯತ್ತ ಚಾಚಿದ. "ಹಬ್ಬಕ್ಕೆ ಬರದವರಿಗೆ ಊಟ ಕಟ್ಟಿ ಕಳಿಸ್ತೀವಲ್ಲ, ಹಾಗೇ ಇದು ನಿನ್ನ ಲ್ಯಾಬಿಗೆ. ಆದ್ರೆ ಇನ್ನೊಂದ್ಸಲ ಕದೀಬೇಡ, ಬಂದು ನನ್ನ ಕೇಳು." ಎರಡೂ ಅಂಗೈ ಮುಖದ ಮೇಲೆ ಸವರಿ ಹರಸಿದ. ಹಿರಿಯರು ಹರಸಿದ ಮೇಲೆ ಅಲ್ಲಿಗೆ ಮುಗಿಯಿತು. ಬುರುಲ್ ಮೊಮ್ಮಗನನ್ನು ಎತ್ತಿಕೊಂಡು, "ಹೋಗು, ಹಾಲು ಕುಡಿಸಿಯೇ ಹೋಗು," ಎಂದಳಷ್ಟೆ.

ಮಗುವಿಗೆ ಹಾಲೂಡಿಸಿ ಜಿಪಾರ್ ಓಡಿ ಬಂದರೆ, ಕಾರಿನ ಮುಂದಿನ ಸೀಟಿನಲ್ಲಿ ಅತಾ ಬಿಳಿ ಟೋಪಿ ಸರಿಪಡಿಸಿಕೊಳ್ಳುತ್ತ ಕೂತಿದ್ದ. "ನನ್ನ ಪಾಲು ಎಲ್ಲಿಗೆ ಹೋಗತ್ತೆ ಅಂತ ನೋಡಬೇಡ್ವಾ?"

ಲ್ಯಾಬಿನಲ್ಲಿ ಅವಳು ಒಂದು ಹನಿಗೆ ಬಣ್ಣ ಬೆರೆಸಿದಳು. "ಸತ್ತಿದ್ರೆ ನೀಲಿ ಆಗತ್ತೆ ಅತಾ, ಬದುಕಿದ್ರೆ ಬೆಳ್ಳಗೇ ಇರತ್ತೆ," ಎನ್ನುವಷ್ಟರಲ್ಲಿ ಮುದುಕ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಯೇಬಿಟ್ಟಿದ್ದ.

"ಅಬ್ಬಬ್ಬಾ, ಎಲ್ಲಾ ಬೆಳ್ಳಗಿವೆ ಕಣೇ! ಇರು, ಅಲ್ಲೊಂದು ನೀಲಿ. ಬೇಕಾದ್ರೆ ಅದನ್ನ ನಾನು ತಿಂತೀನಿ."

"ಸ್ವಲ್ಪ ಸರೀರಿ ಅತಾ, ನಾನೂ ನೋಡ್ಬೇಕು."

"ಇರೇ, ಏನವಸರ?" ಎಂದ ಅತಾ, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು.