ತಾಳಪ್ಪನವರ ಕೋಲು

ಅವರ ನಿಜವಾದ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವರು ತಾಳಪ್ಪ. ಯಾರು ಏನು ಕೇಳಿದರೂ ಮೊದಲು ಅವರ ಬಾಯಿಗೆ ಬರುತ್ತಿದ್ದುದು "ತಾಳಪ್ಪಾ, ತಾಳು" ಎಂಬ ಮಾತು. ಅದೇ ಅವರ ಹೆಸರಾಗಿ ನಿಂತಿತು. ನಮ್ಮ ಬೀದಿಯ ಎದುರು ಸಾಲಿನಲ್ಲಿ ಮೂರನೆಯ ಮನೆ ಅವರದು. ಇಪ್ಪತ್ತೆರಡು ವರ್ಷ ಅವರು ದೊಡ್ಡಾಸ್ಪತ್ರೆಯ ಎಕ್ಸ್‌ರೇ ಯಂತ್ರಗಳನ್ನು ರಿಪೇರಿ ಮಾಡಿದರು.

ಎಕ್ಸ್‌ರೇ ಎಂದರೆ ನಮಗೆಲ್ಲ ಕಣ್ಣಿಗೆ ಕಾಣದ ಕಿರಣದ ಭಯ. ಅವರಿಗೆ ಅದು ಎರಡನೆಯ ಭಯ. "ಕಿರಣ ಒಳ್ಳೇದು ಮೇಷ್ಟ್ರೇ, ಸ್ವಿಚ್ ಆರಿಸಿದ ಕೂಡಲೇ ಹೊರಟುಹೋಗುತ್ತೆ. ಕರೆಂಟು ಹಾಗಲ್ಲ, ಹೋದ ಹಾಗೆ ಮಾಡಿ ಒಳಗೇ ಕೂತಿರುತ್ತೆ" ಎನ್ನುತ್ತಿದ್ದರು. ಯಂತ್ರದ ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆಯೊಂದು ಇರುತ್ತದೆ. ಅದರೊಳಗೆ ಹಾಲಿನ ಡಬ್ಬಿಗಳನ್ನು ಜೋಡಿಸಿಟ್ಟಂತೆ ಕೆಪಾಸಿಟರ್‌ಗಳ ಸಾಲು. ನಲ್ಲಿ ನಿಲ್ಲಿಸಿದರೂ ಕೊಡದಲ್ಲಿ ನೀರು ಉಳಿಯುವ ಹಾಗೆ, ಸ್ವಿಚ್ ಆರಿಸಿದ ಮೇಲೂ ಅವುಗಳಲ್ಲಿ ವಿದ್ಯುತ್ತು ಉಳಿಯುತ್ತದೆ. ಆನೆಯಂಥ ಆಳನ್ನು ಕೆಡವಲು ಅಷ್ಟು ಸಾಕು. ಅದು ತಾನಾಗಿ ಸೋರಿಹೋಗಲೆಂದು ಒಂದು ರೆಸಿಸ್ಟರನ್ನು ಕಟ್ಟಿರುತ್ತಾರೆ. ಸೋರುತ್ತಿರುವವರೆಗೆ ಅದರ ಜೊತೆಗಿರುವ ಪುಟ್ಟ ಕೆಂಪು ದೀಪ ಉರಿಯುತ್ತದೆ. ಐದು ನಿಮಿಷದಲ್ಲಿ ಎಲ್ಲ ಖಾಲಿಯಾಗಿ ದೀಪ ಆರುತ್ತದೆ.

ತಾಳಪ್ಪನವರ ಕ್ರಮ ಹೀಗಿತ್ತು. ಮೊದಲು ಗೋಡೆಯ ಫ್ಯೂಸುಗಳನ್ನು ಕಿತ್ತು ತಮ್ಮ ಅಂಗಿಯ ಜೇಬಿಗೆ ಹಾಕಿಕೊಳ್ಳುವರು. ಫ್ಯೂಸು ತಮ್ಮ ಎದೆಯ ಮೇಲಿರುವಾಗ ಬೇರೆ ಯಾರೂ ಯಂತ್ರವನ್ನು ಹಚ್ಚಲಾರರು ಎಂಬ ಧೈರ್ಯ. ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಐದು ನಿಮಿಷ ಕಾಯುವರು. ಆಮೇಲೆ ಕೋಲು. ಕೈಯುದ್ದದ, ವಿದ್ಯುತ್ತು ಹರಿಯದ ಕೋಲು ಅದು. ತುದಿಗೆ ತಾಮ್ರದ ಕೊಕ್ಕೆ, ಕೊಕ್ಕೆಯಿಂದ ಹೊರಟ ಉದ್ದನೆಯ ತಂತಿ, ತಂತಿಯ ಕೊನೆಗೆ ಒಂದು ಚಿಮಟ. ಚಿಮಟವನ್ನು ನೆಲಕ್ಕೆ ಸೇರಿದ ಬೋಲ್ಟಿಗೆ ಕಚ್ಚಿಸಿ, ಕೊಕ್ಕೆಯನ್ನು ಒಂದೊಂದು ಕೆಪಾಸಿಟರಿಗೂ ಮುಟ್ಟಿಸಬೇಕು. ಉಳಿದಿದ್ದ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಒಂದು ಸಲ ಮುಟ್ಟಿಸಿದರೆ ಸಾಲದು. ಖಾಲಿಯಾದ ಮೇಲೂ ಅದು ಒಳಗಿಂದ ಸ್ವಲ್ಪ ಊರುತ್ತದೆಯಂತೆ. "ಮೊದಲನೇ ಮುಟ್ಟು ಯಂತ್ರಕ್ಕೆ, ಎರಡನೇ ಮುಟ್ಟು ನಮ್ಮ ಹೆಂಡಿರು ಮಕ್ಕಳಿಗೆ" ಎಂದು ಅವರು ಹೇಳಿಕೊಡುತ್ತಿದ್ದರು. ಎರಡನೆಯ ಮುಟ್ಟು ಆದ ಮೇಲೆ "ಹೂಂ" ಎನ್ನುವರು. ಆ ಹೂಂ ಬೀಳದೆ ಒಳಗೆ ಯಾರೂ ಕೈ ಹಾಕುವಂತಿರಲಿಲ್ಲ.

ಕೆಲಸ ಮುಗಿದ ಮೇಲೆ ಆ ತಂತಿಯನ್ನು ಕೋಲಿಗೆ ಸುತ್ತುವುದನ್ನು ನೋಡಬೇಕಿತ್ತು. ಒಂದು ಸುತ್ತು ಇನ್ನೊಂದಕ್ಕೆ ತಾಗಿದಂತೆ, ಬಿಗಿಯಾಗಿ, ಬುಗುರಿಗೆ ಚಾಟಿ ಸುತ್ತಿದ ಹಾಗೆ. "ತಂತಿ ಗೋಜಲಾದ್ರೆ ತಲೇನೂ ಗೋಜಲು" ಎಂಬುದು ಅವರ ಮಾತು. ಬೇರೆ ಆಸ್ಪತ್ರೆಗಳಿಂದ ಅವರ ಹತ್ತಿರ ಕೆಲಸ ಕಲಿಯಲು ಬಂದ ಆರು ಮಂದಿಗೂ ಆ ಸುತ್ತನ್ನು ಕಲಿಸಿದ್ದರು.

ಅವರ ಜೊತೆಗಾರ ಅವರ ಬಾಮೈದ, ಹೆಂಡತಿಯ ತಮ್ಮ. ಅವನನ್ನು ಬೀದಿಯಲ್ಲೆಲ್ಲ ಪಾದರಸ ಎಂದೇ ಕರೆಯುತ್ತಿದ್ದರು. ಐದನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿ ಕೈಯೆತ್ತುತ್ತಿದ್ದ, ಅರ್ಧ ತಪ್ಪಿರುತ್ತಿತ್ತು. "ತಪ್ಪಾದ್ರೆ ಏನ್ ಸಾರ್, ತಿದ್ದೋಕೆ ಟೈಮ್ ಉಳಿದಿದೆಯಲ್ಲ" ಎನ್ನುತ್ತಿದ್ದ. ಮೂವತ್ತೊಂದು ವರ್ಷವಾದರೂ ಮೆಟ್ಟಿಲನ್ನು ಎರಡೆರಡಾಗಿ ಹತ್ತುವುದು ಬಿಟ್ಟಿರಲಿಲ್ಲ. ಅವಸರದವನೂ ತಾಳಪ್ಪನೂ ಒಂದೇ ಪೆಟ್ಟಿಗೆಯ ಮುಂದೆ ಒಂಬತ್ತು ವರ್ಷ ಕೂತದ್ದೇ ಸೋಜಿಗ.

ಆ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಎರಡನೆಯ ಕೊಠಡಿಯ ಯಂತ್ರ ನಿಂತುಹೋಯಿತು. ಹೊರಗೆ ಬೆಂಚುಗಳ ಮೇಲೆ ಕೈಮುರಿದವರು, ಕೆಮ್ಮುವವರು, ಮಡಿಲಲ್ಲಿ ಮಗು ಹಿಡಿದವರು. ಎಕ್ಸ್‌ರೇ ತೆಗೆಯುವ ಹಿರಿಯ ಸಿಸ್ಟರು ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ತಾಳಪ್ಪನೋರೇ, ನೀವು ತಾಳೋ ಹೊತ್ತಿಗೆ ಹೊರಗಿರೋರ ಮೂಳೆ ತಾನಾಗೇ ಕೂಡಿಕೊಳ್ಳುತ್ತೆ."

"ಕೂಡಿಕೊಂಡ್ರೆ ಒಳ್ಳೇದೇ ಅಲ್ವಾ ಸಿಸ್ಟರ್? ನಮಗೂ ಕೆಲಸ ಕಮ್ಮಿ, ನಿಮಗೂ ಕಮ್ಮಿ" ಎಂದ ಪಾದರಸ.

ಫ್ಯೂಸುಗಳು ಜೇಬು ಸೇರಿದವು. ಐದು ನಿಮಿಷ ಕಳೆಯಿತು. ಕೆಂಪು ದೀಪ ಆರಿತ್ತು. ಕೋಲಿನ ಮೊದಲ ಮುಟ್ಟಿಗೆ ಕಿಡಿ ಬರಲಿಲ್ಲ. ಕಾದು ಎರಡನೆಯ ಸಲ ಮುಟ್ಟಿಸಿದರು, ಆಗಲೂ ಇಲ್ಲ.

"ಬೇಕಾದ್ರೆ ಇನ್ನೊಂದು ನಿಮಿಷ ಕಾಯೋಣ ಭಾವ. ಇವತ್ತು ನನಗೂ ಏನೂ ಅವಸರ ಇಲ್ಲ" ಎಂದು ಪಾದರಸ ನಕ್ಕ. ಆ ಒಂದು ನಿಮಿಷವನ್ನೂ ಕಾದರು.

ತಾಳಪ್ಪ "ಹೂಂ" ಎಂದರು.

ಪಾದರಸ ಎಡಗೈಯಿಂದ ಪೆಟ್ಟಿಗೆಯ ಅಂಚು ಹಿಡಿದು ಬಲಗೈಯನ್ನು ಒಳಗೆ ಚಾಚಿದ. ಒಣಗಿದ ಕೊಂಬೆ ಮುರಿದಂತೆ ಒಂದು ಸದ್ದಾಯಿತು. ಅವನು ಮೆಲ್ಲಗೆ ಕೂತ. ಮತ್ತೆ ಪಕ್ಕಕ್ಕೆ ವಾಲಿದ. ಎರಡು ಬಾಗಿಲ ಆಚೆಯಿಂದ ಡಾಕ್ಟರುಗಳು ಓಡಿಬಂದರು. ಆಸ್ಪತ್ರೆಯಲ್ಲೇ ಇದ್ದೂ, ಮುಕ್ಕಾಲು ಗಂಟೆ ಎದೆ ಒತ್ತಿದರೂ ಅವನು ಉಳಿಯಲಿಲ್ಲ.

ಆಡಳಿತದವರು ಯಂತ್ರಕ್ಕೆ ಬೀಗಮುದ್ರೆ ಹಾಕಿದರು. ವಿಚಾರಣೆಗೆ ಮೂವರ ಸಮಿತಿಯಾಯಿತು. ಮರುದಿನ ಮೇಲ್ವಿಚಾರಕರು ತಾಳಪ್ಪನವರನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಬಾಗಿಲು ಹಾಕಿಕೊಂಡರು.

"ನೋಡಿ, ಅವನು ಸ್ವಲ್ಪ ಅವಸರದೋನು ಅಂತ ಇಡೀ ಆಸ್ಪತ್ರೆಗೇ ಗೊತ್ತು. ನೀವು ಹೂಂ ಅನ್ನೋ ಮುಂಚೆ ಕೈ ಹಾಕಿಬಿಟ್ಟ ಅಂತ ಬರೆದುಕೊಡಿ. ಅಲ್ಲಿಗೆ ಮುಗೀತು."

"ಹಾಕ್ಲಿಲ್ಲ ಸರ್. ಕಾದ. ನಾನು ಹೇಳಿದ್ದಕ್ಕಿಂತ ಒಂದು ನಿಮಿಷ ಹೆಚ್ಚೇ ಕಾದ."

"ಹಾಗಾದ್ರೆ ತಪ್ಪು ಯಾರದು? ನಿಮ್ಮದಾ?" ಮೇಲ್ವಿಚಾರಕರು ದನಿ ತಗ್ಗಿಸಿದರು. "ಇರೋರು ಬದುಕಬೇಕಲ್ರೀ. ಸತ್ತವನಿಗೆ ಏನು ಹೋಗುತ್ತೆ?"

ತಾಳಪ್ಪ ಎದ್ದುಬಂದರು. ಮಾತು ಮಾತ್ರ ಅವರಿಗಿಂತ ಮೊದಲೇ ಬೀದಿಗೆ ಬಂದಿತ್ತು. ಅವಸರ ಮಾಡಿಕೊಂಡು ಸತ್ತನಂತೆ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ ಎಂದು ಜನ ಆಡಿಕೊಂಡರು. ಐದನೆಯ ತರಗತಿಯ ಆ ಲೆಕ್ಕಗಳನ್ನು ನೆನೆದು, ಹಾಗೇ ಇರಬಹುದೆಂದು ನಾನೂ ಅಂದುಕೊಂಡೆ. ಈಗ ನಾಚಿಕೆಯಾಗುತ್ತದೆ.

ಅವನು ಸತ್ತ ಮೂರನೆಯ ದಿನ ಮಧ್ಯಾಹ್ನ ತಾಳಪ್ಪನವರ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೇಳಿದರಂತೆ.

"ರೀ, ನಿಜ ಹೇಳಿ. ನೀವು ಕೋಲು ಮುಟ್ಟಿಸಿದ್ರಾ?"

"ಎರಡು ಸಲ."

"ಅವನು ನಿಮ್ಮ ಮಾತಿಗೆ ಕಾದ್ನಾ?"

"ಕಾದ."

"ಹಾಗಾದ್ರೆ ನನ್ನ ತಮ್ಮ ಯಾಕೆ ಸತ್ತ?"

ತಾಳಪ್ಪ ಚೀಲವನ್ನು ಎಳೆದುಕೊಂಡು ಕೋಲನ್ನು ತೆಗೆದರು. ಅಂಥ ದಿನವೂ ಅವರ ಕೈ ತನ್ನ ರೂಢಿ ಬಿಟ್ಟಿರಲಿಲ್ಲ, ತಂತಿ ಅಂದವಾಗಿ ಸುತ್ತಿಕೊಂಡೇ ಇತ್ತು. ಅದನ್ನು ಬಿಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಕೊಕ್ಕೆಗೂ ಇನ್ನೊಂದನ್ನು ಚಿಮಟಕ್ಕೂ ಹಿಡಿದರು. ತಂತಿ ಸರಿಯಿದ್ದರೆ ಮೀಟರಿನ ಮುಳ್ಳು ಏಳಬೇಕು. ಏಳಲಿಲ್ಲ. ಕೊಕ್ಕೆಯ ಕೆಳಗೆ, ಮೊದಲ ಸುತ್ತು ಬೀಳುವ ಜಾಗದಲ್ಲಿ, ತಂತಿಯನ್ನು ಬೆರಳಿನಿಂದ ಬಗ್ಗಿಸಿದರು. ಮುಳ್ಳು ಒಮ್ಮೆ ನೆಗೆದು ಬಿತ್ತು. ಮೇಲಿನ ರಬ್ಬರು ಹೊಸದರಂತೆ ನುಣ್ಣಗಿತ್ತು. ಒಳಗಿನ ತಾಮ್ರದ ಎಳೆಗಳು ಒಂದೇ ಜಾಗದಲ್ಲಿ ದಿನಾ ಬಾಗಿ ಬಾಗಿ, ಒಂದೊಂದಾಗಿ ತುಂಡಾಗಿ, ಕೊನೆಯದೂ ಎಂದೋ ಕಡಿದುಹೋಗಿತ್ತು.

ಯಾವಾಗ ಎಂಬುದು ತಿಳಿಯುವ ದಾರಿಯೇ ಇರಲಿಲ್ಲ. ಚೆನ್ನಾಗಿರುವ ಯಂತ್ರದಲ್ಲಿ ವಿದ್ಯುತ್ತು ಐದು ನಿಮಿಷದಲ್ಲಿ ತಾನಾಗಿ ಸೋರಿಹೋಗುವುದರಿಂದ, ಕೋಲು ಮುಟ್ಟಿಸಿದಾಗ ಕಿಡಿ ಬರುವುದಿಲ್ಲ. ಸತ್ತ ಕೋಲು ಮುಟ್ಟಿಸಿದರೂ ಬರುವುದಿಲ್ಲ. ಆ ಯಂತ್ರದಲ್ಲಿ ಸೋರಿಸುವ ರೆಸಿಸ್ಟರೇ ಸುಟ್ಟುಹೋಗಿತ್ತು ಎಂಬುದು ಆಮೇಲೆ ಪೆಟ್ಟಿಗೆ ತೆರೆದಾಗ ತಿಳಿಯಿತು. ಅದಕ್ಕೆ ಕಟ್ಟಿದ ಕೆಂಪು ದೀಪವೂ ಅದರ ಜೊತೆಗೇ ಆರಿತ್ತು. ಹೀಗೆ ಕೆಪಾಸಿಟರ್‌ಗಳು ತುಂಬಿಯೇ ಇದ್ದವು. ಕೋಲಾದ ಮೇಲೆ ಮೀಟರಿನಿಂದಲೂ ಅಳೆಯಬೇಕು ಎಂದು ಯಂತ್ರದ ಪುಸ್ತಕದಲ್ಲಿ ಬರೆದಿತ್ತು. ಮೊದಲ ವರ್ಷಗಳಲ್ಲಿ ತಾಳಪ್ಪ ಅಳೆಯುತ್ತಿದ್ದರು. ಪ್ರತಿ ಸಲವೂ ಸೊನ್ನೆ. ಎರಡು ಮುಟ್ಟು ಕೊಟ್ಟಮೇಲೆ ಇನ್ನೇನು ಎಂದು ಮೀಟರು ಕ್ರಮೇಣ ಚೀಲದಲ್ಲೇ ಉಳಿಯಿತು. ಇಪ್ಪತ್ತೆರಡು ವರ್ಷ ಎಲ್ಲವನ್ನೂ ಪರೀಕ್ಷಿಸಿದವರು ಆ ಕೋಲೊಂದನ್ನು ಪರೀಕ್ಷಿಸಿರಲಿಲ್ಲ.

ಮುಳ್ಳು ಬಿದ್ದದ್ದನ್ನು ಅವರ ಹೆಂಡತಿಯೂ ನೋಡಿದರು. ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹೇಳ್ತೀರಾ?" ಎಂದರು.

"ನೀನೇನು ಹೇಳ್ತೀಯ?"

"ಹೇಳಿದ್ರೆ ನೀವು ಹೋಗ್ತೀರಿ. ಹೇಳದಿದ್ರೆ ಅವನು ಇನ್ನೊಂದು ಸಲ ಹೋಗ್ತಾನೆ. ನನ್ನ ಕೇಳಬೇಡಿ."

ಮರುದಿನ ಸಂಜೆ ತಾಳಪ್ಪ ಎರಡು ಹಾಳೆಯ ಹೇಳಿಕೆ ಬರೆದುಕೊಂಡು ನನ್ನ ಬಳಿ ಬಂದರು. "ತಿದ್ದಿಕೊಡಿ ಮೇಷ್ಟ್ರೇ, ಇಂಥದ್ದು ಬರೆದು ಅಭ್ಯಾಸ ಇಲ್ಲ" ಎಂದರು. ಜಗಲಿಯ ಮೇಲೆ ಕೂತು ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ತಂತಿಯನ್ನು ಬಿಗಿಯಾಗಿ ಸುತ್ತಿದವನು ನಾನು; ಕೋಲನ್ನು ಒಮ್ಮೆಯೂ ಪರೀಕ್ಷಿಸದವನು ನಾನು; ಮೀಟರಿನಿಂದ ಅಳೆಯದೆ ಹೂಂ ಎಂದವನು ನಾನು; ನಾನು ಹೇಳಿದಷ್ಟೂ ಅವನು ಕಾದ, ಹೇಳಿದ ಮೇಲೆ ಕೈ ಹಾಕಿದ. ಇಷ್ಟೇ ಇತ್ತು.

"ಇಷ್ಟು ಬಿಡಿಸಿ ಬರೀಬೇಕಾ? ತಂತಿ ಒಳಗೇ ತುಂಡಾಗಿತ್ತು, ಯಾರಿಗೂ ತಿಳಿಯುವಂತಿರಲಿಲ್ಲ ಅಂದ್ರೆ ಸಾಲದಾ? ಅದೂ ಸುಳ್ಳಲ್ಲವಲ್ಲ" ಎಂದೆ. ಅವರ ಮೇಲಿನ ಮರುಕದಿಂದಲೇ ಹೇಳಿದೆ.

"ಮೀಟರು ಹಿಡಿದಿದ್ರೆ ತಿಳೀತಿತ್ತು ಮೇಷ್ಟ್ರೇ. ಅರ್ಧ ನಿಮಿಷದ ಕೆಲಸ. ಇಷ್ಟೆಲ್ಲ ಕಾಯೋನಿಗೆ ಆ ಅರ್ಧ ನಿಮಿಷ ಇರಲಿಲ್ಲ." ಆಮೇಲೆ ಮುಂದುವರಿಸಿದರು. "ಇದೇ ಥರ ಸುತ್ತೋದನ್ನ ಆರು ಜನಕ್ಕೆ ಕಲಿಸಿದ್ದೀನಿ. ನಿನ್ನೆ ಎಲ್ಲರಿಗೂ ಫೋನ್ ಮಾಡ್ದೆ. ಇಬ್ಬರು ನಕ್ಕುಬಿಟ್ರು. 'ದುಃಖದಲ್ಲಿದ್ದೀರ ಗುರುಗಳೇ, ನಮ್ಮ ಕೋಲು ಚೆನ್ನಾಗೇ ಇದೆ, ಮಲಗಿ' ಅಂದ್ರು. ಸಮಿತಿಯ ಕಾಗದದಲ್ಲಿ ಹೋದ್ರೆ ನಗೋದಿಲ್ಲ."

ನಾನು ಹಾಳೆಗಳನ್ನು ಹಾಗೆಯೇ ಮಡಿಸಿ ಕೊಟ್ಟೆ.

ಸಮಿತಿಯ ಕಾಗದ ಹೋಯಿತು. ಆರು ಆಸ್ಪತ್ರೆಗಳಲ್ಲಿ ಕೋಲುಗಳನ್ನು ಪರೀಕ್ಷಿಸಿದರು. ಎರಡು ಒಳಗೇ ಕಡಿದಿದ್ದವು. ಅದರಲ್ಲಿ ಒಂದು, ನಕ್ಕ ಇಬ್ಬರಲ್ಲಿ ಒಬ್ಬನದೇ. ಆ ಮನುಷ್ಯ ಬಂದು ತಾಳಪ್ಪನವರ ಮನೆಯ ಬಾಗಿಲಲ್ಲಿ ನಿಂತು, ಹಾಗೆಯೇ ಹಿಂದಿರುಗಿದ. ತಾಳಪ್ಪನವರನ್ನು ಯಂತ್ರಗಳಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಉಳಿದ ಆರು ವರ್ಷ ಅವರು ಸಣ್ಣ ಕಿಟಕಿಯ ಹಿಂದೆ ಕೂತು ಹತ್ತಿ, ಬಲ್ಬು, ಕೈಗವಸು ಎಣಿಸಿಕೊಟ್ಟರು. ಎರಡನೆಯ ಕೊಠಡಿ ಅದೇ ಕಾರಿಡಾರಿನಲ್ಲಿತ್ತು. ಅವರು ಹಿಂಬಾಗಿಲಿನಿಂದ ಸುತ್ತಿಕೊಂಡು ಬರುತ್ತಿದ್ದರು. "ತಾಳಿದವನು ಬಾಳಿಯಾನು" ಎಂದು ಅವರನ್ನು ಮೊದಲೆಲ್ಲ ರೇಗಿಸುತ್ತಿದ್ದ ಸಿಸ್ಟರು ಆಮೇಲೆ ಆ ಗಾದೆಯನ್ನು ಬಾಯಿಗೆ ತರಲಿಲ್ಲ.

ಸಮಿತಿಯ ವರದಿಯ ಒಂದು ಪ್ರತಿ ಮನೆಗೆ ಬಂತು. "ಮೃತನ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ" ಎಂಬ ಸಾಲನ್ನು ಅವರ ಹೆಂಡತಿ ನಿಂತೇ ಓದಿ, ಆ ಹಾಳೆಯನ್ನು ತಮ್ಮ ಪೆಟ್ಟಿಗೆಯ ತಳದಲ್ಲಿ ಇಟ್ಟರು. ಗಂಡನ ಬಟ್ಟೆ ಒಗೆದರು, ಜ್ವರ ಬಂದಾಗ ಪಕ್ಕದಲ್ಲಿ ಕೂತರು, ಹೊತ್ತಿಗೆ ಸರಿಯಾಗಿ ಬಡಿಸಿದರು. "ರೀ" ಎಂದು ಮಾತ್ರ ಮತ್ತೆ ಕರೆಯಲಿಲ್ಲ. "ಊಟ ಆಗಿದೆ" ಎನ್ನುವರು. ಅಷ್ಟೇ. ಯಾರನ್ನು ಕರೆದರು ಎಂದು ಗೋಡೆ ತಿಳಿದುಕೊಳ್ಳಬೇಕು. ಮೊದಲು ಅದೇ ಮನೆಯಿಂದ ದಿನಕ್ಕೆ ನೂರು ಸಲ ಆ ಕೂಗು ನಮ್ಮ ಜಗಲಿಗೆ ಕೇಳುತ್ತಿತ್ತು.

ಕಳೆದ ವರ್ಷ ತಾಳಪ್ಪ ತೀರಿಕೊಂಡರು. ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಒಳಗೆ ನೀರು ತರಲು ಹೋಗಿದ್ದರು. ಬಾಗಿಲ ಹಿಂದಿನ ಮೊಳೆಯಲ್ಲಿ ಆ ಕೋಲು ತೂಗುತ್ತಿತ್ತು. ತಂತಿ ಬಿಚ್ಚಿಕೊಂಡು ನೇರವಾಗಿ ನೆಲದವರೆಗೆ ಇಳಿದಿತ್ತು. ನಲವತ್ತು ವರ್ಷ ಮಕ್ಕಳ ಚೀಲ, ನಕಾಶೆ, ಹಗ್ಗ ಎಲ್ಲವನ್ನೂ ಒಪ್ಪಮಾಡಿದ ಕೈ ನನ್ನದು. ಯಾರಾದರೂ ಎಡವಿಯಾರು ಎಂದು, ಯೋಚಿಸದೆಯೇ, ತಂತಿಯ ತುದಿಯನ್ನು ಎತ್ತಿ ಕೋಲಿಗೆ ಒಂದು ಸುತ್ತು ಹಾಕಿದೆ.

"ಸುತ್ತಬೇಡಿ ಮೇಷ್ಟ್ರೇ."

ಆಕೆ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಲೋಟವನ್ನು ಕೆಳಗಿಟ್ಟು ಬಂದು, ನಾನು ಹಾಕಿದ ಸುತ್ತನ್ನು ಬಿಚ್ಚಿ, ತಂತಿಯನ್ನು ಎರಡು ಬೆರಳ ನಡುವೆ ಹಿಡಿದು ಮೇಲಿಂದ ಕೆಳಗಿನವರೆಗೆ ನೀವಿ ನೇರ ಮಾಡಿದರು.