ರೋಸಿನ ಹಾಲು ಹೊತ್ತ ಸೈಕಲ್ಲು

ಮೊನ್ನೆ ಬೆಳಿಗ್ಗೆ ಗ್ಲೆನ್ ವೇವರ್ಲಿಯ ನಮ್ಮ ಅಡುಗೆಮನೆಯಲ್ಲಿ ತೆಂಗಿನ ಹಾಲಿನ ಟಿನ್ ತೆರೆದರೆ ಒಳಗೆ ಹಾಲಿರಲಿಲ್ಲ, ಬೆಣ್ಣೆಯಷ್ಟು ಗಟ್ಟಿಯಾದ ಬಿಳಿ ಮುದ್ದೆ ಕೂತಿತ್ತು. ಮೆಲ್ಬರ್ನಿನ ಚಳಿಗಾಲದಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಹೀಟರ್ ಆರಿಸಿ ಮಲಗುವ ನಮ್ಮಂಥ ಜಿಪುಣರ ಮನೆಯಲ್ಲಿ ಕೊಬ್ಬರಿ ಎಣ್ಣೆ, ಜೇನುತುಪ್ಪ, ಮನುಷ್ಯರು ಎಲ್ಲವೂ ಬೆಳಗಾಗುವ ಹೊತ್ತಿಗೆ ಹೆಪ್ಪುಗಟ್ಟಿರುತ್ತವೆ. ಚಮಚ ಚುಚ್ಚಿದೆ, ಅದು ನೆಟ್ಟಗೆ ನಿಂತಿತು. ನನಗೆ ನಗು ಬಂತು, ಒಬ್ಬಳೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀವು ಪಕ್ಕದಲ್ಲಿದ್ದಿದ್ದರೆ ಯಾಕೆ ಎಂದು ಕೇಳುತ್ತಿದ್ದಿರಿ, ನಾನು ಹೇಳುತ್ತಾ ನಿಲ್ಲುತ್ತಿದ್ದೆ, ಒಲೆಯ ಮೇಲಿನ ಒಗ್ಗರಣೆ ಸೀದುಹೋಗುತ್ತಿತ್ತು. ಈಗ ಒಲೆ ಆರಿಸಿ ಕೂತಿದ್ದೇನೆ, ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಸಿಡ್ನಿಯಲ್ಲಿ ಓದುತ್ತಿದ್ದಾಗ ನಾನು ಬ್ಯಾಟರಿ ಸೈಕಲ್ಲಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಿದ್ದೆ. ಹ್ಯಾರಿಸ್ ಪಾರ್ಕಿನ ಮಸಾಲೆ ದೋಸೆ, ಬಿರಿಯಾನಿ, ಜಿಲೇಬಿಗಳು ನನ್ನ ಬೆನ್ನಿನ ಚೌಕದ ಚೀಲದಲ್ಲಿ ಕೂತು ಸುತ್ತಲಿನ ಅಪಾರ್ಟ್‌ಮೆಂಟುಗಳನ್ನು ಸೇರುತ್ತಿದ್ದವು. ವಿನಯದಿಂದ ಹೇಳಲು ನೋಡಿದೆ, ಆಗುತ್ತಿಲ್ಲ: ನಾನು ಬಹಳ ಚೆನ್ನಾಗಿ ಸೈಕಲ್ ಹೊಡೆಯುತ್ತಿದ್ದೆ. ದಾವಣಗೆರೆಯ ಆಟೋಗಳ ನಡುವೆ ಕಲಿತ ವಿದ್ಯೆ ಅದು. ಸಿಗ್ನಲ್ಲಿನಲ್ಲಿ ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ. ಕೆಲಸದಲ್ಲಿ ನನಗೆ ಸೇರದಿದ್ದುದು ಒಂದೇ, ಅದು ಬಾಗಿಲ ಶಾಸ್ತ್ರ. ಪೊಟ್ಟಣವನ್ನು ಹೊಸ್ತಿಲಲ್ಲಿಡಬೇಕು, ಫೋಟೊ ತೆಗೆಯಬೇಕು, ಒಳಗಿನವರು ಬಾಗಿಲು ತೆರೆಯುವ ಮುಂಚೆ ಜಾಗ ಖಾಲಿ ಮಾಡಬೇಕು. ಎಷ್ಟೋ ಮನೆಗಳ ಊಟ ನಾನು ಹೊತ್ತಿದ್ದೇನೆ, ಒಂದು ಮನೆಯ ಒಳಗೋಡೆಯ ಬಣ್ಣವನ್ನೂ ನೋಡಿದವಳಲ್ಲ.

ವಾಸ ಕ್ವೇಕರ್ಸ್ ಹಿಲ್‌ನಲ್ಲಿ, ಮೋನಿಕಾ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ, ರೆಂಟಿಗೆ. ಆಂಟಿ ಮಂಗಳೂರಿನ ಕ್ರೈಸ್ತರು, ಆಸ್ಪತ್ರೆಯಲ್ಲಿ ನರ್ಸ್, ಅವರ ಗಂಡ ನನಗೆ ಅಂಕಲ್. ಮನೆಯಲ್ಲಿ ತಮ್ಮತಮ್ಮೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ. ಮಗಳು ಶೆರಿಲ್‌ಗೆ ಎರಡೂ ಅರ್ಥವಾಗುತ್ತಿದ್ದವು, ಬಾಯಿಂದ ಹೊರಡುತ್ತಿದ್ದುದು ಮಾತ್ರ ಇಂಗ್ಲಿಷ್. ಎಲ್ಲರ ಮೇಲೆ ಯಜಮಾನಿಕೆ ಆಂಟಿಯ ತಾಯಿಯದು. ಮನೆಯವರಿಗೆಲ್ಲ ಅವರು ಮಾಂಯ್, ಎಂದರೆ ಅಮ್ಮ. ನಾನು ಅಜ್ಜಿ ಎನ್ನುತ್ತಿದ್ದೆ. ಅವರು ನನ್ನನ್ನು ಘಟ್ಟದ ಹುಡುಗಿ ಎನ್ನುತ್ತಿದ್ದರು. ಘಟ್ಟದ ಮೇಲಿನವರಿಗೆ ತೆಂಗಿನಕಾಯಿಯನ್ನು ದೇವರ ಮುಂದೆ ಒಡೆಯಲು ಬರುತ್ತದೆ, ಅಡುಗೆಗೆ ಬಳಸಲು ಬರುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ನಾನು ಮಾಡಿದ ಸಾರನ್ನು ಒಂದು ಸಲ ರುಚಿ ನೋಡಿ, "ನಿಮ್ಮಲ್ಲಿ ಕಾಯಿಯನ್ನು ಸಾರಿಗೆ ತೋರಿಸಿ ವಾಪಸ್ ತೆಗೆಯುವುದಾ?" ಎಂದು ಕೇಳಿದ್ದರು. ತಮಾಷೆಗಲ್ಲ, ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆ.

ಶೆರಿಲ್‌ಗೆ ಮದುವೆ ನಿಶ್ಚಯವಾಯಿತು. ಹುಡುಗನಿಗೆ ಬೆಟ್ಟದ ಹುಚ್ಚು, ಹಾಗಾಗಿ ಮದುವೆ ಬ್ಲೂ ಮೌಂಟನ್ಸ್‌ನ ಬ್ಲ್ಯಾಕ್‌ಹೀತ್ ಎಂಬ ಪುಟ್ಟ ಊರಿನ ಚರ್ಚಿನಲ್ಲಿ ಎಂದಾಯಿತು. ನೆಂಟರಿಗೆಲ್ಲ ಅಲ್ಲೇ ಒಂದು ದೊಡ್ಡ ಮನೆ ಬುಕ್ ಮಾಡಿದರು. ಮದುವೆಯ ಹಿಂದಿನ ಸಂಜೆ ಅಲ್ಲಿ ರೋಸ್. ಮಂಗಳೂರಿನ ಕ್ರೈಸ್ತರ ಈ ಶಾಸ್ತ್ರವನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ: ಮದುವಣಗಿತ್ತಿಯನ್ನು ಕೂರಿಸಿ ಮನೆಯ ಹಿರಿಯರು, ನೆಂಟರು, ಗೆಳತಿಯರು ಒಬ್ಬೊಬ್ಬರಾಗಿ ಬಂದು ತೆಂಗಿನ ಹಾಲು ಹಚ್ಚಿ, ತಲೆಗೆ ಸುರಿದು ಹರಸುತ್ತಾರೆ. ಸುತ್ತ ನಿಂತವರು ವೊವಿಯೊ ಎಂಬ ಮದುವೆ ಹಾಡು ಹೇಳುತ್ತಾರೆ. ನಮ್ಮ ಅರಿಶಿನ ಶಾಸ್ತ್ರದ ಬಳಗವೇ ಅದು, ಬಣ್ಣ ಬೇರೆ ಅಷ್ಟೆ.

ಎಲ್ಲ ತಯಾರಿ ಆದಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ಪ್ರಾಣಕ್ಕೇನೂ ತೊಂದರೆಯಿರಲಿಲ್ಲ. ಆದರೆ ಬೆಟ್ಟದ ದಾರಿಯ ಪ್ರಯಾಣ ಕೂಡದೆಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಮಂಗಳೂರಿನಿಂದ ನೆಂಟರು ಬಂದಿಳಿದಿದ್ದರು, ದಿನ ಮುಂದೆ ಹಾಕುವಂತಿರಲಿಲ್ಲ. ಆಂಟಿ ನೈಟ್ ಶಿಫ್ಟಿನಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲಿ ಶೆರಿಲ್‌ಗೆ ಎಣ್ಣೆ ಹಚ್ಚಿ, ಮೀಯಿಸಿ, ತುತ್ತು ಹಾಕಿ ಬೆಳೆಸಿದವರು ಈ ಅಜ್ಜಿ. ರೋಸಿನ ಮೊದಲ ಕೈ ಅವರದಾಗಬೇಕಿತ್ತು. ಒಂದು ದಿನವಿಡೀ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದರು. ಮರುದಿನ ಆಂಟಿಯನ್ನು ಕರೆದು ಹೇಳಿದರು: "ನಾನು ಬರುದಿಲ್ಲ, ಸರಿ. ಹಾಲು ನಾನೇ ಹಿಂಡಿ ಕೊಡ್ತೇನೆ. ನನ್ನ ಕೈ ಹಾಗಾದ್ರೂ ಅವಳಿಗೆ ಮುಟ್ಟಲಿ."

ಹಾಲು ಹಿಂದಿನ ದಿನದ್ದಾಗಬಾರದು, ಆವತ್ತೇ ಹಿಂಡಿದ್ದಾಗಬೇಕು. ಅದಕ್ಕೆ ಬೆಳಿಗ್ಗೆ ಎಲ್ಲರೂ ಕಾರುಗಳಲ್ಲಿ ಬೆಟ್ಟ ಹತ್ತುವುದು, ನಾನು ಮಧ್ಯಾಹ್ನ ಹಾಲು ಹಿಡಿದು ರೈಲಿನಲ್ಲಿ ಹೋಗುವುದು ಎಂದು ತೀರ್ಮಾನವಾಯಿತು. ಪಕ್ಕದ ಮನೆಯ ಆಂಟಿ ಅಜ್ಜಿಯ ಜೊತೆಗಿರಲು ಬಂದರು. ಅಜ್ಜಿ ದಿಂಬುಗಳ ನಡುವೆ ಕುರ್ಚಿಯಲ್ಲಿ ಕೂತು, ನಾನು ತುರಿದುಕೊಟ್ಟ ಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ನೋವಿಗೆ ಮುಖ ಕಿವುಚುತ್ತಿತ್ತು, ಕೈ ನಿಲ್ಲಲಿಲ್ಲ. ನೀರು ಬೆರೆಸದ ಮೊದಲ ಹಾಲಿನಿಂದ ಸ್ಟೀಲಿನ ಡಬ್ಬಿ ತುಂಬಿತು.

"ಫ್ರೀಜರಲ್ಲಿ ಬಟಾಣಿ ಪ್ಯಾಕೆಟ್ ಉಂಟು, ತಾ. ಸುತ್ತ ಇಡು."

"ಹೊರಗೇ ಭಾಳ ಚಳಿ ಐತಲ್ಲಜ್ಜಿ."

"ಚಳಿ ನಿನಗೆ. ಹಾಲಿಗೆ ಅದೆಲ್ಲ ಗೊತ್ತಾಗುದಿಲ್ಲ. ಮಧ್ಯಾಹ್ನ ದಾಟಿದ್ರೆ ಹುಳಿ ಬರ್ತದೆ."

ಮಂಗಳೂರಿನ ಸೆಕೆಯಲ್ಲಿ ಅರ್ಧ ಆಯುಷ್ಯ ಹಾಲು ಕಾದವರ ಮಾತು. ನಾನಾದರೂ ಯಾವ ಊರಿನವಳು? ದಾವಣಗೆರೆಯಲ್ಲಿ ಮಧ್ಯಾಹ್ನದ ಮೊಸರು ಸಂಜೆಗೆ ಮೂಗು ಮುಚ್ಚಿಸುವುದನ್ನು ನೋಡಿದವಳು. ಇಬ್ಬರೂ ಸೇರಿ ಡಬ್ಬಿಯ ಸುತ್ತ ಬಟಾಣಿ ಪ್ಯಾಕೆಟ್ಟುಗಳನ್ನು ಒತ್ತೊತ್ತಾಗಿ ತುರುಕಿದೆವು. ಬಿಸಿಯನ್ನು ಬಿಸಿಯಾಗಿ, ತಂಪನ್ನು ತಂಪಾಗಿ ಇಡುವುದರಲ್ಲಿ ನನ್ನ ಚೀಲವನ್ನು ಮೀರಿಸುವ ಚೀಲ ಇರಲಿಲ್ಲ. ಸೈಕಲ್ ಏರಿ ಸ್ಟೇಷನ್ನಿಗೆ ಹೋಗಿ, ಸೈಕಲ್ ಸಮೇತ ಬೆಟ್ಟದ ರೈಲು ಹತ್ತಿದೆ.

ಕಟೂಂಬ ಎಂಬ ಸ್ಟೇಷನ್ ಬರುವ ಮುಂಚೆ ಕಿಟಕಿಯಾಚೆ ಏನೋ ಹಾರಾಡತೊಡಗಿತು. ಯಾರೋ ಹರಿದ ದಿಂಬು ಕೊಡವುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮರಗಳು ಬೆಳ್ಳಗಾದವು, ಬೇಲಿಗಳು ಬೆಳ್ಳಗಾದವು, ಬೋಗಿಯಲ್ಲಿದ್ದವರೆಲ್ಲ ಎದ್ದು ಕಿಟಕಿಗೆ ಅಂಟಿಕೊಂಡರು. ಹಿಮ! ಸಿಡ್ನಿಯವರು ಹಿಮ ಕಾಣಬೇಕಾದರೆ ವರ್ಷಗಟ್ಟಲೆ ಕಾಯಬೇಕು, ನಾನಂತೂ ಹುಟ್ಟಿದಂದಿನಿಂದ ಕಂಡವಳಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ನನ್ನ ಕೈ ಹಿಡಿದುಕೊಂಡು ಕುಣಿದಳು, ನಾನೂ ಕುಣಿದೆ. ಅಷ್ಟರಲ್ಲಿ ರೈಲು ಕಟೂಂಬದಲ್ಲಿ ನಿಂತಿತು. ಮುಂದೆ ಹಳಿಯ ಮೇಲೆ ಮರ ಬಿದ್ದಿದೆ, ಇವತ್ತಿಗೆ ರೈಲು ಇಲ್ಲಿಗೇ ಕೊನೆ ಎಂದು ಹೇಳಿದರು. ಕುಣಿತ ಅಲ್ಲಿಗೇ ಮುಗಿಯಿತು. ಬ್ಲ್ಯಾಕ್‌ಹೀತ್ ಇನ್ನೂ ದೂರವಿತ್ತು.

ಆಂಟಿಗೆ ಫೋನ್ ಮಾಡಿದೆ. "ಹೈವೇಲಿ ಕಾರೆಲ್ಲ ನಿಂತುಬಿಟ್ಟಿದೆಯಂತೆ ಮಾರಾಯ್ತಿ. ಅಂಕಲ್ ಹೊರಟದ್ದು, ಗೇಟಿನ ಹತ್ರವೇ ಕಾರು ಜಾರಿತು, ವಾಪಸ್ ಬಂದ್ರು. ನೀನು ಅಲ್ಲೇ ಎಲ್ಲಾದ್ರೂ ಬೆಚ್ಚಗೆ ಇರು. ಇಲ್ಲಿ ಅಂಗಡಿಯ ಟಿನ್ ಹಾಲು ಉಂಟು, ಅದ್ರಲ್ಲೇ ಮುಗಿಸ್ತೇವೆ." ದನಿ ತಗ್ಗಿಸಿ ಸೇರಿಸಿದರು: "ಮಾಂಯ್‌ಗೆ ಹೇಳುದು ಬೇಡ."

ಕುರ್ಚಿಯ ಮೇಲೆ ಮುಖ ಕಿವುಚುತ್ತಾ ಹಿಂಡಿದ ಆ ಕೈ ಕಣ್ಣಮುಂದೆ ಬಂತು. ನನ್ನ ಬೆನ್ನಮೇಲಿದ್ದುದು ಬರೀ ಹಾಲಲ್ಲ, ಅಜ್ಜಿಗೆ ಮೊಮ್ಮಗಳ ಮದುವೆಯಲ್ಲಿ ಉಳಿದಿದ್ದ ಒಂದೇ ಪಾಲು ಅದು. "ಟಿನ್ ತೆಗಿಬ್ಯಾಡ್ರಿ ಆಂಟಿ, ಬರ್ತಾ ಇದೀನಿ" ಎಂದೆ. ಅವರು ಬೈಯುವ ಮುಂಚೆ ಫೋನ್ ಇಟ್ಟೆ.

ಮಳೆಯಲ್ಲಿ ಜಾರುವ ರಸ್ತೆಗೆ ನಾವು ಸೈಕಲ್ಲಿನವರು ಟೈರಿನ ಗಾಳಿ ಸ್ವಲ್ಪ ಇಳಿಸುತ್ತೇವೆ, ನೆಲ ಚೆನ್ನಾಗಿ ಹಿಡಿಯುತ್ತದೆ. ಇಲ್ಲಿ ಇನ್ನೂ ಹೆಚ್ಚು ಇಳಿಸಿದೆ. ಕೈಗವಸಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ಹೊರಟೆ ನೋಡಿ. ಮೊದಲ ಏರಿನಲ್ಲೇ ಬ್ಯಾಟರಿ ಕೈಕೊಟ್ಟಿತು. ಚಳಿಗೆ ಅದರ ಜೀವವೇ ಉಡುಗಿಹೋಗಿತ್ತು. ಆ ಭಾರದ ಸೈಕಲ್ಲನ್ನು ಪೂರ್ತಿ ಕಾಲಿನಿಂದಲೇ ತುಳಿಯಬೇಕಾಯಿತು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹಿಮ ಗಿಡಿದು ಚಕ್ರ ನಿಂತೇಬಿಡುತ್ತಿತ್ತು. ಇಳಿಯುವುದು, ಕಡ್ಡಿಯಿಂದ ಕೆರೆಯುವುದು, ಮತ್ತೆ ಹತ್ತುವುದು. ಕನ್ನಡಕ ಒರೆಸಿ ಒರೆಸಿ ಸಾಕಾಗಿ ಜೇಬಿಗೆ ಹಾಕಿದೆ. ಆಮೇಲೆ ಜಗತ್ತೆಲ್ಲ ಮಸುಕು ಬಿಳುಪು, ಅದರ ನಡುವೆ ಕಾರುಗಳ ಕೆಂಪು ದೀಪಗಳ ಸಾಲು.

ಆ ಸಾಲನ್ನು ನೆನೆದರೆ ಈಗಲೂ ನನಗೆ ಕುಣಿಯುವಂತಾಗುತ್ತದೆ. ದೊಡ್ಡ ದೊಡ್ಡ ಕಾರುಗಳು ಇದ್ದಲ್ಲೇ ನಿಂತಿವೆ, ನಾನು ಅವುಗಳ ಪಕ್ಕದಿಂದ ಸರಸರನೆ ಹೋಗುತ್ತಿದ್ದೇನೆ. ಸಿಗ್ನಲ್ಲಿಲ್ಲ, ಹಾರ್ನಿಲ್ಲ, ಇಡೀ ಹೈವೇ ನನ್ನದು. ಜನ ಕೆಳಗಿಳಿದು ಹಿಮದ ಉಂಡೆ ಎಸೆದಾಡುತ್ತಿದ್ದರು. ನನಗೂ ಒಂದು ಬಿತ್ತು, ಕೆಲವರು ಚಪ್ಪಾಳೆ ತಟ್ಟಿದರು. ಒಬ್ಬಾತ ಕಿಟಕಿ ಇಳಿಸಿ ಆಸೆಯಿಂದ, ಚೀಲದಲ್ಲಿ ಪಿಜ್ಜಾ ಇದೆಯೇ ಎಂದು ಕೇಳಿದ. ತೆಂಗಿನ ಹಾಲು ಎಂದೆ. ಅವನು ಕಿಟಕಿ ಏರಿಸಿಕೊಂಡ.

ಒಂದು ಇಳಿಜಾರಿನಲ್ಲಿ ಬಿದ್ದೆ. ಜಂಬ ಸ್ವಲ್ಪ ಹೆಚ್ಚಾಗಿತ್ತು, ಬ್ರೇಕ್ ತಡವಾಗಿ ಹಿಡಿದೆ. ಮೊಣಕಾಲು ತರಚಿದ್ದು ಆಮೇಲೆ ಗೊತ್ತಾಯಿತು, ಮೊದಲು ಚೀಲ ತಡವಿ ನೋಡಿದೆ. ಒಂದು ಹನಿಯೂ ಸೋರಿರಲಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕುಲುಕಿದ ಸದ್ದೂ ಇಲ್ಲ. ಎಂಥ ಬಿಗಿಯಾದ ಮುಚ್ಚಳ ಹಾಕಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮತ್ತೆ ಸೈಕಲ್ ಏರಿದೆ.

ಬ್ಲ್ಯಾಕ್‌ಹೀತಿನ ಆ ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಅಭ್ಯಾಸಬಲ ನೋಡಿ, ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಆಂಟಿ ಬಾಗಿಲು ತೆರೆದು ನನ್ನನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ರಟ್ಟೆ ಹಿಡಿದು ಒಳಗೆಳೆದುಕೊಂಡರು. ಶೆರಿಲ್ ಟವೆಲ್ ಹೊದ್ದು ಸ್ಟೂಲಿನ ಮೇಲೆ ಕೂತಿದ್ದಳು. ಟಿನ್ ಇನ್ನೂ ತೆರೆದಿರಲಿಲ್ಲ. ಎಲ್ಲರೂ ಸುತ್ತ ನೆರೆದರು. ಆಂಟಿ ಮುಚ್ಚಳ ತೆಗೆದು ಬೋಗುಣಿಗೆ ಬಗ್ಗಿಸಿದರು, ಏನೂ ಬೀಳಲಿಲ್ಲ. ತಲೆಕೆಳಗು ಮಾಡಿದರು, ಆಗಲೂ ಬೀಳಲಿಲ್ಲ. ಒಳಗೆ ಹಾಲು ಕಲ್ಲಿನ ಹಾಗೆ ಕೂತಿತ್ತು. ನನ್ನ ಚೀಲದಿಂದ ಬಟಾಣಿ ಪ್ಯಾಕೆಟ್ಟೊಂದು ನೆಲಕ್ಕೆ ಜಾರಿತು.

"ಇದೆಂತ, ಐಸಿಗೆ ಐಸ್ ಇಟ್ಟು ತಂದದ್ದಾ?" ಎಂದರು ಯಾರೋ ಮಂಗಳೂರಿನ ನೆಂಟರು. ನನಗೆ ಅಳು ಬಂದುಬಿಟ್ಟಿತು. ಅಷ್ಟು ದೂರ ತುಳಿದು ತಂದು, ಕೊನೆಗೆ ಸುರಿಯಲಾಗದ ಹಾಲನ್ನು ಕೊಟ್ಟಿದ್ದೆ.

ಆಂಟಿ ಒಲೆ ಹಚ್ಚಲು ಓಡಿದರು. ಶೆರಿಲ್ ಅಷ್ಟರಲ್ಲಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿದ್ದಳು. ನಡೆದದ್ದನ್ನೆಲ್ಲ ಕೇಳಿ ಅಜ್ಜಿ ಮೊದಲು ಸೊಂಟ ಹಿಡಿದುಕೊಂಡು ನಕ್ಕರು, ಆಮೇಲೆ ಗದರಿಸಿದರು. "ಬೆಂಕಿಗೆ ಇಡ್ಬೇಡ, ಎಣ್ಣೆ ಬಿಡ್ತದೆ. ಬಿಸಿ ನೀರೂ ಬೇಡ. ಅಷ್ಟು ಜನ ಇದ್ದೀರಲ್ಲ, ಕೈ ಇಲ್ವಾ? ಕೈಯಲ್ಲಿ ಹಿಡೀರಿ."

ಡಬ್ಬಿ ಕೈಯಿಂದ ಕೈಗೆ ಹೋಗತೊಡಗಿತು. ಒಬ್ಬರು ಅಂಗೈಯಲ್ಲಿ ಒತ್ತಿ ಹಿಡಿದರು, ಒಬ್ಬರು ಸ್ವೆಟರಿನೊಳಗೆ ಇಟ್ಟುಕೊಂಡು ಅಯ್ಯಯ್ಯೋ ಎಂದರು, ಅಂಕಲ್ ಕಂಕುಳಲ್ಲಿ ಇಟ್ಟುಕೊಳ್ಳಲು ಹೋಗಿ ಬೈಸಿಕೊಂಡರು. ಯಾರೋ ವೊವಿಯೊ ಎತ್ತಿಕೊಂಡರು, ಫೋನಿನೊಳಗಿಂದ ಅಜ್ಜಿಯ ದನಿ ಒಂದು ಸಾಲು ಹಿಂದೆ ಬರುತ್ತಿತ್ತು. ಎಷ್ಟೋ ಹಾಡುಗಳಾದ ಮೇಲೆ ಅಂಚಿನಲ್ಲಿ ಹಾಲು ಮೆಲ್ಲಗೆ ಕದಲಿತು. ನಾನು ಕಿವಿ ಇಟ್ಟು ಕೇಳಿದೆ. ಕುಲುಕಿದ ಸದ್ದು ಬಂತು.

"ಮಾಂಯ್, ನಿಮ್ಮ ಪಾಲಿಂದು ಮೊದಲು ಯಾರು ಹಾಕುದು? ನಾನು ಹಾಕ್ಲಾ?" ಎಂದು ಆಂಟಿ ಕೇಳಿದರು.

"ನಿನ್ನದು ನೀನು ಹಾಕು. ನನ್ನದು ಘಟ್ಟದ ಹುಡುಗಿ ಹಾಕ್ಲಿ."

ನನಗೆ ಕಕ್ಕಾಬಿಕ್ಕಿ. ನಾನು ಅವರ ಜಾತಿಯವಳಲ್ಲ, ಚರ್ಚಿನವಳಲ್ಲ, ಹಿಂದಿನ ಕೋಣೆಯ ರೆಂಟಿನವಳು. "ನಂಗೆ ಇದೆಲ್ಲ ಬರಲ್ಲಜ್ಜಿ" ಎಂದೆ. "ಸಾರು ಮಾಡ್ಲಿಕ್ಕೂ ಬರುದಿಲ್ಲ, ಮಾಡ್ತಿ ಅಲ್ವಾ?" ಎಂದರು. ಬೊಗಸೆಯಲ್ಲಿ ಹಾಲು ತೆಗೆದುಕೊಂಡು ಶೆರಿಲ್‌ಳ ನೆತ್ತಿಗೆ ಸುರಿದು ಕೆನ್ನೆಗೆ ಹಚ್ಚಿದೆ. ನನ್ನ ಕೈಯ ಚಳಿಗೆ ಅವಳು ಬೆಚ್ಚಿದಳು. ಯಾವತ್ತೂ ಇಂಗ್ಲಿಷ್ ಬಿಟ್ಟು ಮಾತಾಡದ ಹುಡುಗಿ, ಹಾಲು ಸುರಿಯುತ್ತಿದ್ದ ಮುಖವನ್ನು ಫೋನಿನ ಕಡೆ ತಿರುಗಿಸಿ ಕೊಂಕಣಿಯಲ್ಲಿ "ಪಾವ್ಲೊ, ಮಾಂಯ್" ಎಂದಳು. ತಲುಪಿತು ಎಂದರ್ಥ. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿದ್ದು ಕಡಿಮೆ.

ಈಗ ನಾನು ಮೆಲ್ಬರ್ನಿನಲ್ಲಿ ಕುರ್ಚಿಯ ಕೆಲಸದವಳು, ಆಫೀಸಿಗೆ ಟ್ರೈನಿನಲ್ಲಿ ಹೋಗುತ್ತೇನೆ. ಮುಂದಿನ ತಿಂಗಳು ನನ್ನದೇ ಮದುವೆ, ಇಲ್ಲೇ. ಸುದ್ದಿ ತಿಳಿದ ದಿನವೇ ಅಜ್ಜಿಯ ಫೋನ್ ಬಂತು. "ಈ ಸಲ ಹಾಲು ಕಳಿಸುದಿಲ್ಲ, ನಾನೇ ಬರ್ತೇನೆ. ವಾಕರ್ ಉಂಟು, ವಿಮಾನ ಉಂಟು. ಮೋನಿಕಾ ಬೈತಾಳೆ, ಬೈಲಿ." ನನ್ನ ಅರಿಶಿನದ ದಿನ ಅರಿಶಿನವಾದ ಮೇಲೆ ತೆಂಗಿನ ಹಾಲೂ ಆಗಬೇಕಂತೆ. ಟಿನ್ನಿನ ಮುಂದೆ ನಕ್ಕು ಮುಗಿಸಿದ ಮೇಲೆ, ಅಲ್ಲಿಯವರೆಗೂ ಹೇಳಲು ಅಳುಕುತ್ತಿದ್ದ ಈ ವಿಷಯವನ್ನು ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ.

"ನಮ್ಮಲ್ಲಿಲ್ಲದ ಶಾಸ್ತ್ರ, ಯಾರವರು? ನಮಗೇನಾಗ್ಬೇಕು?" ಎಂದಳು ಅಮ್ಮ.

"ಅಜ್ಜಿ ಆಗ್ಬೇಕಮ್ಮ" ಎಂದೆ.

"ಹಂಗಿದ್ರೆ ಮೊದಲ ಅರಿಶಿನಾನೂ ಅವರೇ ಹಚ್ಲಿ ಬಿಡು" ಎಂದಳು.