ಮನ್ಮಥಪ್ಪನ ಗೋಣಿಮರೆ

ಕಾಸಾರಶಿರಸಿಯ ಅರಿವೆ ವ್ಯಾಪಾರಿ ಮನ್ಮಥಪ್ಪನಿಗೆ ಹಕ್ಕಿಗಳ ಪರಿಚಯ ಮಾಡಿಸಿದ್ದು ಭೂಕಂಪ. ಸಾಸ್ತೂರಿನಲ್ಲಿ ಹುಟ್ಟಿದ ಮನೆಯ ಮಣ್ಣಿನ ಮಾಳಿಗೆ ಕುಸಿದಾಗ ಆತ ಅದರಡಿ ಅರ್ಧ ದಿನ ಸಿಕ್ಕಿಬಿದ್ದಿದ್ದ. ಹೊರತೆಗೆದವರು ಶಿವನ ದಯೆ ಎಂದರು. ಆತನೂ ಹಾಗೆಯೇ ನಂಬಿದ. ಆದರೆ ಅಂದಿನಿಂದ ಕದವಿಕ್ಕಿದ ಕೋಣೆಯಲ್ಲಿ ಒಂದು ಗಳಿಗೆಯೂ ಕೂಡಲಾರದವನಾದ. ಅಂಗಳದಲ್ಲಿ ಮಲಗುವನು, ಬೆಳಕು ಹರಿಯುವ ಮೊದಲೇ ಎದ್ದು, ಇಷ್ಟಲಿಂಗಪೂಜೆ ಮುಗಿಸಿ, ಊರಾಚೆಯ ಹುಲ್ಲುಮಾಳಕ್ಕೆ ನಡೆಯುವನು. ಹೀಗೆ ನಡೆದು ನಡೆದು ಹಕ್ಕಿಗಳನ್ನು ಕಲಿತ. ಉದಗೀರದಿಂದ ಹಳೆಯ ಕ್ಯಾಮೆರಾವೊಂದನ್ನು ತಂದ.

ಆ ಮಾಳದಲ್ಲಿ ಒಂದು ಮಾಳಢೋಕ, ಎಂದರೆ ಹೆಬ್ಬಕ ಹಕ್ಕಿಯಿತ್ತು. ನೀಳವಾದ ಕೊರಳು, ಗಂಭೀರವಾದ ನಡಿಗೆ, ನೂರು ಮಾರು ದೂರದಿಂದಲೇ ಮನುಷ್ಯನನ್ನು ಅರಿಯುವ ಕಣ್ಣು. ಮೂರು ಮಳೆಗಾಲ ಕಾದರೂ ಅದರ ಬೆನ್ನಲ್ಲದೆ ಬೇರೇನೂ ಕ್ಯಾಮೆರಾಕ್ಕೆ ದಕ್ಕಲಿಲ್ಲ. ನಾಲ್ಕನೆಯ ವರ್ಷ ಹುಲ್ಲು ಕೊಯ್ಲಿಗೆ ಎರಡೇ ದಿನ ಉಳಿದಿದ್ದವು. ಕುಡುಗೋಲು ಬಿದ್ದ ಮಾಳದಲ್ಲಿ ಆ ಹಕ್ಕಿ ನಿಲ್ಲದು. ಮುಂದಿನ ವರ್ಷ ಬಂದೀತೆಂಬ ಭರವಸೆಯೂ ಇರಲಿಲ್ಲ. ಮೊದಲು ನಾಲ್ಕಿದ್ದವು, ಈಗ ಉಳಿದದ್ದು ಇದೊಂದೇ.

ಹೆಂಡತಿ ಸುಗಂಧಾ ಗೋಣಿಚೀಲಗಳನ್ನು ದಬ್ಬಳದಿಂದ ಹೊಲಿದುಕೊಟ್ಟ ಮರೆಯೊಳಗೆ ಆತ ಕೂಡುತ್ತಿದ್ದ. ಮಸೂರಕ್ಕೊಂದು ತೂತು, ಅದರ ಮೇಲೆ ಮುಖದಗಲದ ಕಿಂಡಿ. ಆ ಕಿಂಡಿಯಿದ್ದುದರಿಂದಲೇ ಒಳಗೆ ಕೂಡುವುದು ಆತನಿಗೆ ಸಾಧ್ಯವಾಗಿತ್ತು. ಅಂದೂ ಹಕ್ಕಿ ಬಂದಿತು, ನಿಂತಿತು, ಕಿಂಡಿಯತ್ತ ನೋಡಿ ತಿರುಗಿ ಹೋಯಿತು.

ಬುತ್ತಿ ತಂದ ಸುಗಂಧಾ ದೂರದಿಂದಲೇ ನಕ್ಕಳು.

“ಗೋಣಿ ಕಾಣವಲ್ದರೀ, ಆದ್ರ ನಿಮ್ಮ ಹಣಿ ಮ್ಯಾಲಿನ ವಿಭೂತಿ ಕಾಣತದ. ಮೂರೂ ಪಟ್ಟಿ, ಬೆಳ್ಳಗ. ಹಕ್ಕಿಗೇನು ಗೊತ್ತು ಇವರು ಶರಣರು ಅಂತ?”

“ಅದಕ್ಕ ಅಳಿಸ್ಲೇನು?”

“ಅಳಸಬ್ಯಾಡ್ರಿ. ಟಾವೆಲ್ ಕಟ್ಟಿಕೋರಿ.”

“ಹಕ್ಕಿಗಂಜಿ ಭಸ್ಮ ಮುಚ್ಚಿಕೊಂಡ ಅಂತ ನಾಳಿ ನೀನೇ ಊರತುಂಬ ಹೇಳಾಕಿ.”

“ಹಂಗಾರ ಹಣಿ ಇರಲಿ. ಕಿಂಡಿ ಹೊಲೀತೀನ್ರಿ.”

ಮನ್ಮಥಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಕಿಂಡಿಯತ್ತ ನೋಡಿ, “ಹೊಲಿ,” ಎಂದ.

ಮರುದಿನ ನಸುಕಿನಲ್ಲಿ ಆತನನ್ನು ಒಳಗೆ ಕೂಡಿಸಿ, ಗಾಳಿಗೆ ಹಾರದಂತೆ ಮರೆಯ ಬಾಯಿಯನ್ನೂ ಕಟ್ಟಿ ಆಕೆ ಹೊರಟುಹೋದಳು. ಒಳಗೆ ಕತ್ತಲೆ. ಗೋಣಿಯ ಧೂಳು ಮೂಗಿಗೆ ಬಡಿದೊಡನೆ ಸಾಸ್ತೂರಿನ ಮಣ್ಣು ಬಾಯೊಳಗೆ ಬಂದಂತಾಯಿತು. ಗೋಣಿಯನ್ನು ಹರಿಯಲು ಎತ್ತಿದ ಕೈಯನ್ನು ಎದೆಯ ಮೇಲಿನ ಲಿಂಗದ ಮೇಲಿಟ್ಟು, ಸದ್ದಿಲ್ಲದೆ ಪಂಚಾಕ್ಷರಿಯನ್ನು ಜಪಿಸತೊಡಗಿದ. ಎಣಿಕೆ ತಪ್ಪಿತು, ಮತ್ತೆ ಮೊದಲಿಂದ ಹಿಡಿದ.

ಮಸೂರದೊಳಗೆ ಹುಲ್ಲು ಅಲುಗಿತು. ಹಕ್ಕಿ ಬಂದಿತು, ನಿಲ್ಲದೆ ಇನ್ನೂ ಹತ್ತಿರ ಬಂದಿತು, ಕಣ್ಣು ಮಿಟುಕಿಸಿದ್ದು ಕಾಣುವಷ್ಟು. ಮನ್ಮಥಪ್ಪ ಒಮ್ಮೆ ಗುಂಡಿ ಒತ್ತಿದ. ಆ ಸದ್ದಿಗೆ ಅದು ಕೊರಳೆತ್ತಿ ಆಲಿಸಿತು; ಆಮೇಲೆ ಮರೆಯ ಮುಂದೆಯೇ, ಅದರ ನೆರಳಿನಲ್ಲಿ, ಕುಳಿತುಬಿಟ್ಟಿತು.

ಚಿತ್ರ ದೊರೆತಿತ್ತು. ಆದರೆ ಈಗ ಅಲುಗಿದರೆ ಹಕ್ಕಿ ಬೆದರಿ ಹಾರುವುದು. ನಾಳೆ ಕುಡುಗೋಲಿಗೆ ಅಂಜಿ ಹೋಗುವುದಾದರೆ ಹೋಗಲಿ, ಇಂದು ತನಗೆ ಅಂಜಿ ಹೋಗಬಾರದು ಎಂದುಕೊಂಡ. ಬಿಸಿಲೇರಿತು. ಗೋಣಿ ಕಾದು ಮುಖಕ್ಕೆ ಹತ್ತಿತು; ಉಸಿರು ಗಿಡ್ಡವಾಯಿತು. ಮತ್ತೆ ಒಂದರಿಂದ ಎಣಿಸತೊಡಗಿದ. ಹೊರಗೆ ಹಕ್ಕಿ ರೆಕ್ಕೆ ಸಡಿಲಿಸಿ ಒಂದು ಕಾಲನ್ನು ಚಾಚಿತು.